ಹುಟ್ಟಿಗೆ ಮಾತ್ರ ರಜೆ

ಮರಳೂರು, ತುಮಕೂರು
೧೨-೮-೨೦೨೫

ನನ್ನ ಗುರುಪ್ರಕಾಶ್ ಅವರಿಗೆ, ರೂಪಶ್ರೀಯ ನಮಸ್ಕಾರಗಳು.

ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಬೇಸರ ಬೇಡ. ಫೋನಿನಲ್ಲಿ ಆಡುವುದನ್ನೆಲ್ಲ, ಆ ಪರದೇಶದಲ್ಲಿ ನಿಮ್ಮ ಆಸ್ಪತ್ರೆಯ ಊರನ್ನು ಹಿಡಿದಿರುವ ಬಂಡುಕೋರರು ಕೇಳಿಸಿಕೊಳ್ಳುತ್ತಾರೆ, ನಂಬಿ ಕೊಟ್ಟು ಕಳಿಸಲು ಯಾರೂ ಸಿಕ್ಕಿರಲಿಲ್ಲ. ಕುಣಿಗಲ್‌ಗೆ ಬಂದಿದ್ದ ನಿಮ್ಮ ಆಸ್ಪತ್ರೆಯ ಕಾಂತೇಶಣ್ಣ ನಾಳೆ ವಾಪಸ್ ಅಲ್ಲಿಗೆ ಹೊರಡುತ್ತಾರೆ. ಇದನ್ನು ಅವರ ಅಂಗಿಯ ಒಳಗೆ ಇಟ್ಟು ಹೊಲಿಯುತ್ತೇನೆ. ಓದಿ ಸುಟ್ಟುಬಿಡಿ.

ಗುಬ್ಬಿಯಿಂದ ಮಾವ ಬಂದಿದ್ದಾರೆ. ನಾನು ಹೆದರುವುದನ್ನು ನೋಡಿ, "ಅಲ್ಲಿ ಆ ಬಂಡುಕೋರ್ರೇ ಕಳ್ರನ್ನ ಹಿಡೀತಾರೆ, ದಿನಾ ನೀರು ಬಿಡ್ತಾರೆ, ಜಗಳ ಬಗೆಹರಿಸ್ತಾರೆ ಅಂತೀಯ. ಮತ್ತೆ ಭಯ ಯಾಕಮ್ಮ?" ಎಂದರು.

"ನಮ್ಮ ತಾಲ್ಲೂಕು ಆಫೀಸಲ್ಲಿ ನಾಳೆ ಬಾ ಅಂದ್ರೆ ನೀವು ಬೈದು ಮನೆಗೆ ಬರ್ತೀರ ಮಾವ. ಅಲ್ಲಿ ಬೈದೋರು ಮನೆಗೆ ಬರಲ್ಲ," ಎಂದೆ. ಅವರು ಟಿವಿ ಆರಿಸಿದರು.

ನಿಜವಾಗಿಯೂ ಭಯವಾಗುತ್ತದೆ ರೀ. ಹಿರೇಹಳ್ಳಿ ಫ್ಯಾಕ್ಟರಿಯ ಬಸ್ಸು ಗೇಟಿನ ಮುಂದೆ ನಿಂತರೂ ಯಾರು ಏನು ಸುದ್ದಿ ತಂದರೋ ಎಂದು ಕಿಟಕಿಗೆ ಓಡುತ್ತೇನೆ. ಅಲ್ಲಿ ಬಂದೂಕು ಹಿಡಿದು ಊರಿಗೆ ನುಗ್ಗಿದ ಹುಡುಗರೇ ಈಗ ಮೇಜು ಹಾಕಿಕೊಂಡು ಊರು ಬಿಡುವವರ ರಜೆ ಚೀಟಿಗೆ ಮೊಹರು ಒತ್ತುತ್ತಾರೆ. ಹೋದ ವರ್ಷ ಕಾಂತೇಶಣ್ಣನ ತಾಯಿ ತೀರಿಕೊಂಡಾಗ, ಸತ್ತವರಿಗೆ ನೀನು ಹೋಗಿ ಮಾಡುವುದೇನು ಎಂದು ಬಿಡಲಿಲ್ಲ. ಈಗ ಮಗಳು ಹುಟ್ಟಿದಳೆಂದು ಬಿಟ್ಟಿದ್ದಾರೆ. ಅವರು ವಾಪಸ್ ಹೋಗದಿದ್ದರೆ ಅಲ್ಲಿರುವ ತಮ್ಮನನ್ನು ಹಿಡಿದು ಕೂರಿಸುತ್ತಾರಂತೆ.

ನಿಮಗೆ ಅಲ್ಲಿ ಹಾಗೆ ಹಿಡಿಯುವುದಕ್ಕೆ ಯಾರೂ ಇಲ್ಲ. ಅದೊಂದೇ ನನ್ನ ಧೈರ್ಯ. ಕಾಗದದ ಜೊತೆ ಇಟ್ಟಿರುವ ಮಗುವಿನ ಫೋಟೊ ತೋರಿಸಿ ರಜೆ ಕೇಳಿ. ಬಾಕಿ ಸಂಬಳ ಅವರೇ ಇಟ್ಟುಕೊಳ್ಳಲಿ. ಮೊಹರು ಬಿದ್ದ ದಿನವೇ ಹೊರಡಿ, ಮತ್ತೆ ಆ ಕಡೆ ತಲೆ ಹಾಕುವುದು ಬೇಡ.

ಶಿವ ನಿಮ್ಮನ್ನು ಕ್ಷೇಮವಾಗಿ ಮನೆ ಮುಟ್ಟಿಸಲಿ.

ನಿಮ್ಮ
ರೂಪ

ವಿ.ಸೂ.: ಫೋಟೊದಲ್ಲಿರುವುದು ಪಕ್ಕದ ಮನೆ ಪ್ರಮೀಳಾಳ ಮಗ. ನಮ್ಮ ಮಗು ಹುಟ್ಟಿದ ದಿನವೇ ಹೋಯಿತು ರೀ. ಗಂಡು. ಮೂಗು ನಿಮ್ಮದೇ ಇತ್ತು. ಹಾಲು ಕುಡಿದ, ಮಲಗಿದ ಎಂದು ಫೋನಿನಲ್ಲಿ ಹೇಳಿದ್ದೆಲ್ಲ ಅವರಿಗೆ ಕೇಳಿಸಲೆಂದು. ಕಾಂತೇಶಣ್ಣನಿಗೂ ಗೊತ್ತಿಲ್ಲ, ನೀವೂ ಹೇಳಬೇಡಿ. ಹೆಸರು ಕೇಳಿದರೆ ಯಾವುದಾದರೂ ಒಂದು ಹೇಳಿ. ಸಿಹಿ ಹಂಚಿ. ಮೊಹರು ಬೀಳುವವರೆಗೆ ಅವರ ಮುಂದೆ ನಗುತ್ತಲೇ ಇರಿ. ಇಲ್ಲಿಗೆ ಬನ್ನಿ, ಇಬ್ಬರೂ ಕೂತು ಅಳೋಣ. ನಾನೂ ಇನ್ನೂ ಅತ್ತಿಲ್ಲ.