ಇಬ್ಬರು ಕಂಡ ಹಕ್ಕಿ

ಮಧುಗಿರಿ
11 ಮಾರ್ಚ್ 2026

ಮುದ್ದಿನ ಮಗಳು ಭವ್ಯಳಿಗೆ,

ಅಪ್ಪ ಮಾಡುವ ಆಶೀರ್ವಾದಗಳು. ನಾನೂ ಬಸವಮ್ಮಜ್ಜಿಯೂ ಚೆನ್ನಾಗಿದ್ದೇವೆ. ನೀನು ಫೋನಿನಲ್ಲಿ ಆ ಪ್ರಶ್ನೆ ಕೇಳಿ ವಾರದ ಮೇಲಾಯಿತು. "ಯೋಚನೆ ಮಾಡಿ ಕಾಗದ ಬರೀತೀನಿ ಪುಟ್ಟ" ಎಂದವನು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತೆ, ಬೇಜಾರು ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳೋಣವೆಂದರೆ, ಈ ಬಿಸಿಲಲ್ಲಿ ಬೀಜ-ಗೊಬ್ಬರದ ಅಂಗಡಿಯವನಿಗೆ ನೊಣ ಹೊಡೆಯುವ ಕೆಲಸ ಎಂದು ನಿನಗೇ ಗೊತ್ತು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅದು ನಿನ್ನಮ್ಮನ ಫೋನು, ಅವಳು ಪಕ್ಕದಲ್ಲೇ ಇರುತ್ತಾಳೆ. ನನಗೆ "ಊಟ ಆಯ್ತಾ" ಬಿಟ್ಟರೆ ಬೇರೆ ಮಾತೇ ಹೊರಡುವುದಿಲ್ಲ.

ಮೊದಲು ಹಿತ್ತಲಿನ ಸುದ್ದಿ. ಸೀಬೆ ಮರದಲ್ಲಿ ಪಿಕಳಾರ ಮತ್ತೆ ಗೂಡು ಕಟ್ಟಿದೆ. ಹರಟೆಮಲ್ಲಗಳ ಗುಂಪು ಬೆಳಗಾದರೆ ಸಾಕು, ಪಂಚಾಯಿತಿ ಮೀಟಿಂಗಿನ ಹಾಗೆ ಎಲ್ಲರೂ ಒಟ್ಟಿಗೇ ಕೂಗಾಡುತ್ತವೆ. ಸೂರಕ್ಕಿ ದಾಸವಾಳಕ್ಕೆ ಬರುತ್ತಿದೆ. ಇವೆಲ್ಲ ನೀನಿದ್ದಾಗಲೇ ನಮ್ಮ ಹಕ್ಕಿಗಳ ಪಟ್ಟಿಗೆ ಸೇರಿದವು. ಯುಗಾದಿಯಿಂದ ಯುಗಾದಿಗೆ ನಮ್ಮ ಪಟ್ಟಿ, ಇನ್ನೇನು ವರ್ಷ ಮುಗಿಯುತ್ತ ಬಂತು. ಆದರೆ ಕಳೆದ ಜೂನ್‌ನಲ್ಲಿ ಅಮ್ಮನಿಗೆ ಮತ್ತೆ ಮದುವೆಯಾಗಿ ನೀವು ಪಾವಗಡಕ್ಕೆ ಹೋದ ಮೇಲೆ ಅದರಲ್ಲಿ ಒಂದು ಹೆಸರೂ ಹೊಸದಾಗಿ ಸೇರಿಲ್ಲ.

ಸೇರುವುದಾದರೂ ಹೇಗೆ? ಇಬ್ಬರೂ ಕಂಡರೆ ಮಾತ್ರ ಬರೆಯಬೇಕು ಎಂದು ಕಾನೂನು ಮಾಡಿದವಳು ನೀನೇ. ಎರಡನೇ ಕ್ಲಾಸಿನಲ್ಲಿದ್ದೆ. ನೀನು ಸ್ಕೂಲಿಗೆ ಹೋದಾಗಲೇ ಅಪ್ಪನಿಗೆ ನವಿಲು, ಮರಕುಟಿಕ ಎಲ್ಲ ಕಾಣುತ್ತವೆ ಎಂದು ನಿನಗೆ ಅನುಮಾನ. ಸೊಂಟದ ಮೇಲೆ ಕೈಯಿಟ್ಟು, "ಒಬ್ರೇ ನೋಡಿದ್ರೆ ಲೆಕ್ಕಕ್ಕಿಲ್ಲ" ಎಂದಿದ್ದೆ. ನಾನೂ ಅಮ್ಮನೂ ಬೇರೆಯಾದ ಮೇಲೂ ನೀವು ಇದೇ ಊರಲ್ಲಿದ್ದಿರಿ, ನೀನು ಸಂಜೆ ಹಿತ್ತಲಿಗೆ ಬರುವುದು ತಪ್ಪಿರಲಿಲ್ಲ, ಹಾಗಾಗಿ ಕಾನೂನು ನಡೆಯುತ್ತಿತ್ತು.

ಶಿವರಾತ್ರಿ ಕಳೆದ ಮರುವಾರ ನವರಂಗ ಬಂದಿತ್ತು ಮಗಳೇ. ನೀನು ಚಿಕ್ಕವಳಿದ್ದಾಗಿನಿಂದ ಕಾಯುತ್ತಿದ್ದ ಅದೇ ಹಕ್ಕಿ. ನಿಂಬೆ ಗಿಡದ ಬುಡದಲ್ಲಿ ತರಗೆಲೆ ಕೆದಕುತ್ತಿತ್ತು. ಹಸಿರು, ನೀಲಿ, ಬಾಲದಡಿ ಕೆಂಪು, ಎಲ್ಲ ನೀನು ಬಿಡಿಸುತ್ತಿದ್ದ ಹಾಗೇ. ತಕ್ಷಣ ಫೋನ್ ಮಾಡಿದೆ. ನೀನು ಟ್ಯೂಷನ್‌ಗೆ ಹೋಗಿದ್ದೆ. ಅಮ್ಮ ಸಮಾಧಾನವಾಗಿಯೇ, "ವಿಡಿಯೋ ಮಾಡಿ ಕಳ್ಸಿ, ಬಂದ್ಮೇಲೆ ತೋರಿಸ್ತೀನಿ" ಎಂದಳು. ಅವಸರದಲ್ಲಿ ಹಿಡಿದ ವಿಡಿಯೋದಲ್ಲಿ ಬರೀ ತರಗೆಲೆ ಬಂತು. ಬೈಕ್ ಹತ್ತಿ ಬಂದು ನಿನ್ನನ್ನು ಕರೆತರಲೇ ಎನ್ನಿಸಿತು. ಅದು ನಾನು ನಿನ್ನನ್ನು ನೋಡಲು ಬರುವ ಭಾನುವಾರವಲ್ಲ. ಬಂದಿದ್ದರೆ ಅಮ್ಮ ಬೇಡವೆನ್ನುತ್ತಿರಲಿಲ್ಲವೇನೋ, ಆದರೆ ಒಂದು ಹಕ್ಕಿಗಾಗಿ ಮಗಳನ್ನು ಕಳಿಸು ಎಂದು ಬಾಗಿಲಲ್ಲಿ ನಿಂತು ಕೇಳಲು ನನಗೆ ಬಾಯಿ ಬರಲಿಲ್ಲ.

ಅಜ್ಜಿಗೆ ನನ್ನ ಪೇಚಾಟ ತಡೆಯಲಾಗಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದವಳು ಹಿತ್ತಲ ಕಲ್ಲಿನ ಮೇಲೆ ಕೂತು, "ನಾನೂ ಕಂಡೆ ಕಣ್ಲಾ, ಬರ್ಕೋ ಅತ್ಲಾಗೆ" ಎಂದಳು.

"ಯಾವ ಬಣ್ಣ ಹೇಳವ್ವ?"

"ಹಕ್ಕಿ ಬಣ್ಣ ಕಣ್ಲಾ! ಇನ್ಯಾವ ಬಣ್ಣ ಇರ್ತದೆ?"

ನಾನು ನಕ್ಕೆ, ಬರೆಯಲಿಲ್ಲ. ಅವಳಿಗೆ ರೇಗಿತು. "ಮಗೀನೇ ಕಳುಸ್ಬುಟ್ಟು ಸುಮ್ಕೆ ಕೂತವ್ನೆ, ಹಕ್ಕಿಗೆ ಮಾತ್ರ ಎಂಗೆ ಕಾನೂನು ಏಳ್ತಾನೆ ನೋಡು" ಎಂದಳು. ಅಜ್ಜಿಯ ಮಾತು, ನೀನು ತಲೆಗೆ ಹಚ್ಚಿಕೊಳ್ಳಬೇಡ. ನಿನ್ನನ್ನು ಯಾರೂ ಕಳಿಸಿಬಿಟ್ಟಿಲ್ಲ. ಅಮ್ಮನ ಜೊತೆ ಇರುವುದೇ ನಿನಗೆ ಸರಿ ಎಂದು ನಾನೂ ಒಪ್ಪಿದ್ದೇನೆ. ಒಪ್ಪಿದ್ದಕ್ಕೆ ನೋವಾಗಬಾರದು ಅಂತೇನೂ ಇಲ್ಲವಲ್ಲ.

ಇನ್ನು ನಿನ್ನ ಪ್ರಶ್ನೆ. ಪಾವಗಡದ ಮನೆಯ ಮಹಡಿಯಿಂದ ಹೊಸ ಪಟ್ಟಿ ಶುರುಮಾಡುತ್ತೇನೆ, ಪ್ರಸನ್ನ ಕುಮಾರ್ ಅಂಕಲ್ ಎರಡನೆಯವರಾಗಬಹುದಾ ಎಂದು ಕೇಳಿದ್ದೆ. ಅವರೇ, "ನಿಮ್ಮಪ್ಪನ್ನ ಕೇಳು, ಅವ್ರು ಹೂಂ ಅಂದ್ರೆ ಮಾತ್ರ" ಅಂದರಂತೆ. ನಿಜ ಹೇಳಲಾ? ಆ ಮನುಷ್ಯನಲ್ಲಿ ಒಂದು ಹುಳುಕು ಹುಡುಕಲು ನಾನು ಬಹಳ ಕಷ್ಟಪಟ್ಟಿದ್ದೇನೆ. ನಾನು ಬಂದಾಗ ಕಾಫಿ ಕೊಟ್ಟು, ನಮ್ಮಿಬ್ಬರನ್ನೇ ಬಿಟ್ಟು ಹೊರಗೆ ಹೋಗುತ್ತಾರೆ. ನಿನಗೆ ಬೈನಾಕ್ಯುಲರ್ ಕೊಡಿಸಿದ್ದಾರೆ. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಆಗುವುದಿಲ್ಲ, ಬಿಡುವುದೂ ಆಗುವುದಿಲ್ಲ. ಬಿಸಿ ತುಪ್ಪ ಅನ್ನುತ್ತಾರಲ್ಲ, ಅದೇ.

ಅದಕ್ಕೇ ಹೇಳುತ್ತಿದ್ದೇನೆ: ಆಗಬಹುದು. ಯುಗಾದಿಯ ದಿನವೇ ಶುರುಮಾಡಿ. ಕೂಗು ಕೇಳಿದರೆ ಸಾಲದು, ಕಣ್ಣಿಗೆ ಕಾಣಬೇಕು ಎಂದು ಅವರಿಗೆ ಮೊದಲೇ ಹೇಳಿಬಿಡು. ದೊಡ್ಡವರೆಂದು ರಿಯಾಯಿತಿ ಕೊಡಬೇಡ, ನನಗೆ ಕೊಟ್ಟಿರಲಿಲ್ಲ. ಇಲ್ಲಿನ ಪಟ್ಟಿಯನ್ನು ಈ ವರ್ಷಕ್ಕೆ ಮುಗಿಸೋಣ. ಮುಂದಿನದನ್ನು ನಾನೊಬ್ಬನೇ ಬರೆಯುವುದಿಲ್ಲ. ಸುಮ್ಮನೆ ನೋಡುತ್ತಿರುತ್ತೇನೆ.

ಬಿಸಿಲಲ್ಲಿ ಟೋಪಿ ಇಲ್ಲದೆ ಮಹಡಿ ಹತ್ತಬೇಡ. ಪರೀಕ್ಷೆ ಚೆನ್ನಾಗಿ ಬರಿ. ಅಮ್ಮನಿಗೆ ಎದುರು ಮಾತಾಡಬೇಡ. ಶಿವ ನಿನ್ನನ್ನು ಎಲ್ಲಿದ್ದರೂ ನಗುನಗುತ್ತಾ ಇಟ್ಟಿರಲಿ ಕಂದ.

ನಿನ್ನ
ಅಪ್ಪ

ವಿ.ಸೂ.: ಮೊನ್ನೆ ಭಾನುವಾರ, "ಅಜ್ಜಿಗೆ ಜ್ವರ, ಬರೋಕಾಗಲ್ಲ" ಎಂದು ಅಮ್ಮನಿಗೆ ಫೋನ್ ಮಾಡಿದ್ದೆ. ಅಜ್ಜಿಗೆ ಜ್ವರ ಇರಲಿಲ್ಲ. ನಾನು ಪಾವಗಡಕ್ಕೆ ಬಂದಿದ್ದೆ. ನಿಮ್ಮ ಬೀದಿಯ ತಿರುವಿನಲ್ಲಿ ಬೇಕರಿ ಇದೆಯಲ್ಲ, ಅಲ್ಲಿ ನಿಂತೇ ಫೋನ್ ಮಾಡಿದ್ದು. ನೀನೂ ಅವರೂ ಮಹಡಿಯ ಮೇಲಿದ್ದಿರಿ. ಅವರು ಕೈಯೆತ್ತಿ ತೋರಿಸುತ್ತಿದ್ದರು, ನೀನು "ಸಿಕ್ತು, ಸಿಕ್ತು" ಎಂದು ಕುಣಿದದ್ದು ಕೆಳಗೆ ಕೇಳಿಸಿತು. ಕೂಗೋಣವೆಂದು ಬಾಯಿ ತೆರೆದೆ. ಹಕ್ಕಿ ಹಾರಿಹೋದೀತೆಂದು ಸುಮ್ಮನಾಗಿ, ಬಂದ ಬಸ್ಸು ಹತ್ತಿದೆ. ತಂತಿಯ ಮೇಲೆ ಮಂಕಾಗಿ ಕೂತಿದ್ದು, ಹಾರಿದಾಗ ರೆಕ್ಕೆ ನೀಲಿಯಾಗಿ ಕೋಟೆ ಬೆಟ್ಟದ ಕಡೆ ಹೋಯಿತಲ್ಲ, ಅದು ನೀಲಕಂಠ. ನಿಮಗಿಬ್ಬರಿಗೂ ಅನುಮಾನ ಬೇಡ. ಕೆಳಗೆ ರಸ್ತೆಯಿಂದ ನಾನೂ ಕಂಡೆ.