ಸೇನಾಪತಿಯ ಸಿಂಹಾಸನಾರೋಹಣ

ಮಾರ್ಚ್ ೧೪, ಮಂಗಳವಾರ
ಮಧ್ಯಾಹ್ನ, ಸೇನಾಪತಿಗಳು ನಿದ್ರಿಸುತ್ತಿರುವ ಶುಭ ಗಳಿಗೆ

ಪ್ರೀತಿಯ ಅಕ್ಕಾ,

ನಿನ್ನ ತಂಗಿ ಬದುಕಿದ್ದಾಳೆ! ಪರದೆ ಏಳಲು ತಡವಾಯಿತೆಂದು ನೀನು ಸೀಟಿ ಹೊಡೆದು ಬೆಂಚು ಕುಟ್ಟುತ್ತಿರುವುದು ಇಲ್ಲಿಯವರೆಗೂ ಕೇಳಿಸುತ್ತಿದೆ. ನಿನ್ನ ಕಾಗದಗಳೆಲ್ಲ ತಲುಪಿವೆ. ಕೊನೆಯದರಲ್ಲಿದ್ದ ಬೈಗುಳವೂ ಒಂದಕ್ಷರ ನಲುಗದೆ ಬಂದು ಸೇರಿದೆ. ಕ್ಷಮಿಸು. ತಪ್ಪು ನನ್ನದಲ್ಲ, ನನ್ನ ಬಲಗೈಯದು. ಮೊನ್ನೆಯವರೆಗೂ ಅದು ಪ್ಲಾಸ್ಟರಿನೊಳಗೆ ಅರಮನೆಯ ಕಂಬದ ಹಾಗೆ ಬಿದ್ದುಕೊಂಡಿತ್ತು. ಎಡಗೈಯಲ್ಲಿ ಬರೆಯಲು ನೋಡಿದೆ. ಕೋಳಿ ಕೆದರಿದ ಹಾಗೆ ಬಂತು, ಹರಿದು ಹಾಕಿದೆ. ನೀನೂ ಭಾವನೂ ಚೆನ್ನಾಗಿದ್ದೀರಾ? ಬಾಡಿಗೆಗೆ ಹೋದ ನಾಟಕದ ಕಿರೀಟಗಳು ಕಲ್ಲು ಉದುರಿಸಿಕೊಳ್ಳದೆ ಅಂಗಡಿಗೆ ವಾಪಸು ಬರುತ್ತಿವೆಯಾ?

ಕೈ ಮುರಿದ ಪ್ರಸಂಗ ಕೇಳು. ಆಗ ತಾನೇ ತೊಳೆದ ಮೆಟ್ಟಿಲು. ಸೊಂಟದ ಮೇಲೆ ಮಗ, ಕೈಯಲ್ಲಿ ತರಕಾರಿ ಚೀಲ. ಜಾರಿತು ನೋಡು ಕಾಲು! ಚೀಲ ಒಂದು ದಿಕ್ಕಿಗೆ, ಚಪ್ಪಲಿ ಇನ್ನೊಂದು ದಿಕ್ಕಿಗೆ. ನಾನು ಮಗುವನ್ನು ಎದೆಗವಚಿಕೊಂಡು ಬಲಗೈಯನ್ನು ಅಡಿಗೆ ಹಾಕಿ ಧೊಪ್ಪೆಂದು ಬಿದ್ದೆ. ಅವನಿಗೆ ಒಂದು ಗೀರೂ ಇಲ್ಲ. ಎದೆಯ ಮೇಲೆ ಎದ್ದು ಕೂತು, ಚಪ್ಪಾಳೆ ತಟ್ಟಿ, "ಇನ್ನೊಂಚಲ!" ಎಂದ. ಅಂಥ ರಸಿಕ ಪ್ರೇಕ್ಷಕ ವೇದಿಕೆಯ ಮೇಲೆ ನಮ್ಮ ಅಮ್ಮನಿಗೂ ಸಿಕ್ಕಿರಲಿಲ್ಲ.

ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: "ನೀರಿನ ಲೋಟಕ್ಕಿಂತ ಭಾರ ಏನೂ ಎತ್ತಕೂಡ್ದು."

"ಮಗೂನೂ?"

"ನಿಮ್ಮ ಮಗು ಲೋಟಕ್ಕಿಂತ ಹಗುರನೇನ್ರೀ?"

ಇವರೋ ಬಸ್ಸಿನ ಸಾರಥಿ. ಬೆಳಗಾಗುವ ಮೊದಲು ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಎರಡೂ ತುಂಬದ, ಕಾಲಲ್ಲಿ ಚಕ್ರ ಕಟ್ಟಿಕೊಂಡು ಹುಟ್ಟಿದ ಹುಡುಗನನ್ನು ಒಂಟಿಗೈಯಲ್ಲಿ ಸಂಭಾಳಿಸುವುದೆಂತು? ಆಗ ರಂಗಪ್ರವೇಶ ಮಾಡಿದರು ನಮ್ಮ ಅತ್ತಿಗೆ, ಇವರ ಅಕ್ಕ. "ಕೈ ಸರಿಹೋಗೋ ತನಕ ನಮ್ಮನೇಲಿರ್ಲಿ ಬಿಡೇ. ನಮ್ಮ ಹುಡುಗ್ರೆಲ್ಲ ದೊಡ್ಡೋರಾದ್ರು, ಮನೆ ಬಣಬಣ ಅಂತಿದೆ" ಎಂದರು. ಬೆಣ್ಣೆಯಂಥ ಹೆಂಗಸು ಅಕ್ಕಾ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಇವರೂ ತಲೆ ಕೆರೆಯುತ್ತಾ, "ಅಕ್ಕ ಹೇಳೋದೂ ಸರಿ ಕಣೇ" ಎಂದುಬಿಟ್ಟರು. ಅಷ್ಟು ದಿನ ಬಿಟ್ಟಿದ್ದರೆ ಅವನಿಗೆ ನನ್ನ ಮುಖ ನೆನಪಿರುತ್ತದೆಯೇ? ಈ ವಯಸ್ಸಿನ ಮಕ್ಕಳದು ಸ್ಲೇಟಿನ ಮೇಲಿನ ನೆನಪು. "ಈ ಭಾನುವಾರದವರೆಗೆ ಅವಕಾಶ ಕೊಡಿ. ಆಗದಿದ್ದರೆ ನಾನೇ ಬಟ್ಟೆ ಕಟ್ಟಿಕೊಡ್ತೀನಿ!" ಎಂದು ಗುಡುಗಿದೆ. ನನ್ನ ಗಂಟಲು ನಿನಗೆ ಗೊತ್ತಲ್ಲ, ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು.

ಗುಡುಗಿದ್ದಾಯಿತು, ಮುಂದೆ? ಆಗ ನೆನಪಾದವನು ಅಪ್ಪ. ಸೀನರಿ ಹೊರುವಾಗ ಬೆನ್ನು ಹಿಡಿದು ಚಾಪೆ ಹಿಡಿದಿದ್ದನಲ್ಲ ಒಂದು ಸಲ, ನೆನಪಿದೆಯಾ? ನಾಟಕ ಕಂಪನಿಯ ಮಕ್ಕಳೆಲ್ಲ ಅವನ ಸುತ್ತ. ನೆಲಕ್ಕಂಟಿಕೊಂಡೇ ರಾಜನೂ ಅವನೇ, ಕಳ್ಳನೂ ಅವನೇ, ಕುದುರೆಯೂ ಅವನೇ. ಕತ್ತು ಕೂಡ ಹೊರಳಿಸಲಾಗದವನು ಹುಬ್ಬಿನಲ್ಲೇ ಒಂದು ಯುದ್ಧ ಗೆದ್ದ. ಆಚೆ ವೇದಿಕೆಯ ಮೇಲೆ ಅಮ್ಮ ಮಹಾರಾಣಿಯಾಗಿ ಶೋಕಿಸುತ್ತಿದ್ದರೆ ಈಚೆ ನಾವು ನಕ್ಕು ನಕ್ಕು ಲಂಗದ ಅಂಚು ಬಾಯಿಗೆ ತುರುಕಿಕೊಳ್ಳುತ್ತಿದ್ದೆವು. ಆ ಬಣ್ಣದ ಕೋಣೆಯ ವಾಸನೆ, ಬೆವರು, ಸುಟ್ಟ ಬತ್ತಿ, ಹಳೆಯ ಮಖಮಲ್ಲು, ಈಗಲೂ ಒಮ್ಮೊಮ್ಮೆ ಒಗೆಯುವ ಬಟ್ಟೆಯ ರಾಶಿಯಿಂದ ಎದ್ದು ಬರುತ್ತದೆ. ಹಾಗೇ ಕೂತುಬಿಡುತ್ತೇನೆ. ಎಲ್ಲಿ ಹೋದವು ಅಕ್ಕಾ ಆ ದಿನಗಳು? ಪೆಟ್ಟಿಗೆಯೊಳಗೆ ರಾಜನ ನಿಲುವಂಗಿ ಹಾಸಿಕೊಂಡು ನಿದ್ದೆ ಹೋಗುತ್ತಿದ್ದವರು ನಾವೇನಾ?

ಸರಿ, ಕಿಟಕಿಯ ಪಕ್ಕದ ಕುರ್ಚಿಯೇ ನನ್ನ ಸಿಂಹಾಸನವಾಯಿತು. ನಾನು ಕೂತಲ್ಲಿಂದ ಏಳಲಾರದ ರಾಜ, ಅವನು ನನ್ನ ಸೇನಾಪತಿ. "ಯಾರಲ್ಲಿ! ಈರುಳ್ಳಿ ಸೈನ್ಯ ಹೊರಡಲಿ!" ಎಂದರೆ ಸಾಕು, ಆ ಬುಟ್ಟಿಯ ಈರುಳ್ಳಿಯನ್ನು ಒಂದೊಂದಾಗಿ ಎದೆಗಪ್ಪಿಕೊಂಡು ಈ ಬುಟ್ಟಿಗೆ ಸಾಗಿಸುವನು. ಮುಗಿಯಿತೇ? ಶತ್ರು ಬಂದ, ಎಲ್ಲ ವಾಪಸು! ಬಾಗಿಲಿಗೆ ಹೊದಿಕೆ ಕಟ್ಟಿಸಿದೆ, ಪರದೆ. ಊಟದ ತಟ್ಟೆ ಅಲ್ಲಾಡಿಸಿದರೆ ಗುಡುಗು.

ಗುಡುಗಿಗೆ ಕೆಳಗಿನ ಮನೆಯ ಟೈಲರ್ ಮೇಲೆ ಬಂದರು. "ಏನಮ್ಮಾ ಇದು? ಒಂದೊಂದು ಸದ್ದಿಗೂ ನನ್ನ ಸೂಜಿ ಬೆಚ್ಚಿಬೀಳುತ್ತೆ. ಕಾಲರ್ ಹೊಲಿಯೋ ಕಡೆ ಜೇಬು ಹೊಲಿದೆ!"

"ಕುದುಲೆ!" ಎಂದು ಸೇನಾಪತಿ ಅವರ ಕಾಲು ತಬ್ಬಿಕೊಂಡ.

"ಕುದುರೆ ಅಂತಾನಲ್ರೀ ನನ್ನ!" ಎಂದು ಗೊಣಗಿದ ಮನುಷ್ಯ, ಮರುದಿನ ಖಾಲಿ ದಾರದ ರೀಲುಗಳನ್ನು ಚೀಲ ತುಂಬ ತಂದು ಸುರಿದರು. "ತಗೊಳಪ್ಪ ದೊರೆ, ಇವು ಸದ್ದು ಮಾಡಲ್ಲ." ಅಂದಿನಿಂದ ಅವರ ಮಧ್ಯಾಹ್ನದ ಚಹಾ ನಮ್ಮ ರಣರಂಗದಲ್ಲೇ.

ಎಲ್ಲಕ್ಕಿಂತ ಕಷ್ಟವಾದದ್ದು "ಎತ್ಕೋ." ದಿನಕ್ಕೆ ಎಷ್ಟು ಸಲವೋ ಕುರ್ಚಿಯ ಮುಂದೆ ಬಂದು ನಿಂತು, ಎರಡೂ ಕೈ ಮೇಲೆತ್ತಿ, "ಎತ್ಕೋ." ಎತ್ತಿಕೊಳ್ಳದಿದ್ದರೆ ಬಿಕ್ಕಳಿಕೆ ಬರುವವರೆಗೆ ಅಳು. ಆಗ ಒಂದು ಉಪಾಯ ಹೂಡಿದೆ. ಕುರ್ಚಿಯ ಮುಂದೆ ಕಬ್ಬಿಣದ ಟ್ರಂಕು, ಅದರ ಮುಂದೆ ಮಣೆ. "ಬಂದರು ಬಂದರು, ಸೇನಾಪತಿಗಳು ಬಂದರು! ಮೊದಲು ಮಣೆ! ಮಂಡಿ ಊರಿ! ಈಗ ಟ್ರಂಕು! ಜಯವಾಗಲಿ!" ನಾಲ್ಕಾರು ಸಲ ಜಾರಿದ, ಒಮ್ಮೆ ಮೂಗು ಗುದ್ದಿಕೊಂಡ. ಆಮೇಲೆ ಪಟಪಟ ಹತ್ತಿ ನನ್ನ ಪಕ್ಕ ಬಂದು ಕೂತು ಬೀಗತೊಡಗಿದ.

ಭಾನುವಾರ ಅತ್ತಿಗೆ ಖಾಲಿ ಚೀಲ ಹಿಡಿದು ಬಂದೇ ಬಂದರು. ಸೇನಾಪತಿ ಅವರೆದುರೇ ಮಣೆ ಹತ್ತಿ, ಟ್ರಂಕು ಹತ್ತಿ, ಕುರ್ಚಿ ಸೇರಿ, ನನ್ನ ಪ್ಲಾಸ್ಟರಿನ ಮೇಲೆ ಒಂದು ರೀಲು ಇಟ್ಟು, "ಅಮ್ಮಂಗೆ ಉವ್ವಾ, ಮುತ್ತಬೇಡ" ಎಂದು ಆಜ್ಞೆ ಮಾಡಿದ. ಅತ್ತಿಗೆ ಬಾಯಿ ಮೇಲೆ ಬೆರಳಿಟ್ಟುಕೊಂಡರು. "ಅಲ್ವೇ, ನೀನು ಇವನ್ನ ನೋಡ್ಕೊಳ್ತಿದೀಯೋ, ಇವನೇ ನಿನ್ನ ನೋಡ್ಕೊಳ್ತಿದಾನೋ?" ಎಂದು ಚೀಲ ಮಡಚಿಕೊಂಡು ಹೊರಟೇಹೋದರು. ಗೆದ್ದೆ ಅಕ್ಕಾ! ಪ್ಲಾಸ್ಟರು ಬಿಚ್ಚುವವರೆಗೂ ಒಂದು ದಿನವೂ ಮಗ ನನ್ನ ಕಣ್ಣಿಂದ ಮರೆಯಾಗಲಿಲ್ಲ.

ಈಗ ಕೈ ವಾಸಿ. ಸ್ವಲ್ಪ ಬಿಗಿತವಿದೆ, ಅಷ್ಟೆ. ಡಾಕ್ಟರಮ್ಮ ಹೇಳಿದ ವ್ಯಾಯಾಮವೇ ಈ ಅಕ್ಷರಗಳು. ಸೇನಾಪತಿ ಆಗಲೇ ಮಗ್ಗುಲು ಬದಲಿಸುತ್ತಿದ್ದಾನೆ, ಮುಗಿಸುತ್ತೇನೆ. ನಿನ್ನ ಆರೋಗ್ಯ ನೋಡಿಕೋ, ಮಂಡಿಗೆ ಎಣ್ಣೆ ಹಚ್ಚಿಕೋ, ಭಾವನ ಮೇಲೆ ಮಿತವಾಗಿ ರೇಗು. ನಿಮ್ಮ ಆಶೀರ್ವಾದ ಈ ಮನೆಯ ಮೇಲೂ ಈ ತುಂಟನ ನೆತ್ತಿಯ ಮೇಲೂ ಸದಾ ಇರಲಿ.

ನಿನ್ನ ದೊಡ್ಡ ಗಂಟಲಿನ ತಂಗಿ

ಮರೆತಿದ್ದೆ: ಪ್ಲಾಸ್ಟರು ಬಿಚ್ಚಿಸಿಕೊಂಡು ಬಂದ ದಿನ ಬಾಗಿಲಲ್ಲೇ ಕೂಗಿದೆ, "ಬಾರೋ ಕಂದ, ಎತ್ಕೋತೀನಿ!" ಎರಡೂ ಕೈ ಚಾಚಿದೆ. ಅವನು ನನ್ನ ಕೈಗಳನ್ನು ಹೊಸ ಸಾಮಾನು ನೋಡುವಂತೆ ನೋಡಿದ. ಆಮೇಲೆ ಒಳಗೆ ಓಡಿ ಮಣೆಯನ್ನು ದರದರ ಎಳೆದು ತಂದು ನನ್ನೆದುರು ಹಾಕಿ, ತಾನೇ ಹತ್ತಿ ನಿಂತು, "ಆಯ್ತು" ಎಂದ. ಇವರೂ ಟೈಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವನು ಕೊನೆಯ ಸಲ ಕೈ ಮೇಲೆತ್ತಿ "ಎತ್ಕೋ" ಎಂದದ್ದು ಯಾವತ್ತು ಎಂದು ಅಂದಿನಿಂದ ನೆನಪು ಮಾಡಿಕೊಳ್ಳುತ್ತಲೇ ಇದ್ದೇನೆ ಅಕ್ಕಾ. ಸಿಗುತ್ತಿಲ್ಲ. ಆವತ್ತು ನಾನು ಏನೆಂದಿದ್ದೆ ಅನ್ನುವುದು ಮಾತ್ರ ಗೊತ್ತು. "ಆಗಲ್ಲ ಮರೀ" ಎಂದಿದ್ದೆ.