ಒಂದೇ ಶಾಲು, ಎಷ್ಟೊಂದು ಹೆಗಲು

ಕುಟುಂಬ ಸಾಮರಸ್ಯ ಸಲಹಾ ಕೇಂದ್ರದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

'ಹೊಸ್ತಿಲು ದಾಟಿದವಳಿಗೆ ಆಕಾಶವೇ ಮನೆ' ಎಂದೋ, 'ಬಯಲೇ ಮನೆ' ಎಂದೋ ಒಂದು ಸಾಲು. ಯಾರು ಬರೆದದ್ದು, ಎಲ್ಲಿ ಓದಿದ್ದು, ಈಗ ಒಂದೂ ನೆನಪಿಲ್ಲ. ಎಂ.ಎ. ಓದುವಾಗ ಅದನ್ನು ಗುನುಗಿಕೊಂಡು ಓಡಾಡಿದ್ದಂತೂ ನಿಜ. ಈಗ ಅನುಮಾನ ಬರುತ್ತಿದೆ. ಬರೆದವರು ಯಾರೇ ಇರಲಿ, ಅವರು ಹೊಸ್ತಿಲು ದಾಟಿದ್ದು ಸಂಜೆಯ ವಾಕಿಂಗಿಗೆ ಇರಬೇಕು. ಆಕಾಶಕ್ಕೆ ಒಳಗಿನಿಂದ ಚಿಲಕ ಇದೆಯೇ ಎಂದು ಅವರು ವಿಚಾರಿಸಿದಂತಿಲ್ಲ. ದಾಟಿ ಬಂದವಳಿಗೆ ಮಾರನೆಯ ದಿನದಿಂದ ಏನಾಗುತ್ತದೆ ಎಂದು ಕವಿಗಳು ಕೇಳದಿದ್ದರೆ ಕ್ಷಮಿಸಬಹುದು, ಅದಕ್ಕಾಗಿ ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ತಮಗೆ ಕೊಡುತ್ತಾರೆ. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ: ಹೊಡೆಯುವ ಗಂಡನನ್ನು ಬಿಟ್ಟು ಬಂದ ಹೆಂಗಸು, ಚೇತರಿಸಿಕೊಳ್ಳಲು ನೆರವು ಬೇಕೆಂದು ತಮ್ಮ ಕೇಂದ್ರದ ಮೆಟ್ಟಿಲು ಹತ್ತಿದರೆ, 'ಯಜಮಾನರನ್ನು ಕರೆದುಕೊಂಡು ಬನ್ನಿ' ಎಂದು ವಾಪಸು ಕಳಿಸುತ್ತೀರಿ. ಆ ಹೆಂಗಸು ನಾನು.

ನನಗೆ ಐವತ್ತು ಹತ್ತಿರವಾಗುತ್ತಿದೆ. ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತೇನೆ. ಟೈಲರ್ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ಒಬ್ಬಳೇ ಇದ್ದೇನೆ. ಆ ಮನೆ ಬಿಟ್ಟು ಎರಡು ವರ್ಷವಾಯಿತು. ಈಗ ನನ್ನನ್ನು ಯಾರೂ ಹೊಡೆಯುವುದಿಲ್ಲ. ಆದರೂ ಕೆಳಗೆ ಸ್ಕೂಟರೊಂದು ಬಂದು ನಿಂತರೆ ಊಟದ ತಟ್ಟೆ ಮುಚ್ಚಿಟ್ಟು ಎದ್ದು ನಿಲ್ಲುತ್ತೇನೆ. ಪ್ರೆಸ್ಸಿನ ಮ್ಯಾನೇಜರು ಹಿಂದಿನಿಂದ ಬಂದು "ಆಯ್ತಾ ಮೇಡಂ?" ಎಂದರೆ, ಆಗಿರುವ ಕೆಲಸಕ್ಕೂ "ತಪ್ಪಾಯ್ತು" ಎನ್ನುತ್ತೇನೆ. ಪಾಪ, ಅವರು ಈಗೀಗ ದೂರದಿಂದಲೇ ಕೆಮ್ಮುತ್ತಾ ಬರುತ್ತಾರೆ. ಒಂದು ಕವಿತೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಎಷ್ಟು ಕಾಲವಾಯಿತೋ. ನಡುವೆ ಕಿವಿ ಎದ್ದು ಬಾಗಿಲಿಗೆ ಹೋಗಿಬಿಡುತ್ತದೆ.

ಇದನ್ನು ಅಕ್ಕನಿಗೆ ಹೇಳಿದೆ. "ಬಿಟ್ಟು ಬಂದಾಯ್ತಲ್ಲೇ, ಈಗಿನ್ನೇನು ಗೋಳು ನಿಂದು?" ಎಂದಳು. ಡಾಕ್ಟರಿಗೆ ಹೇಳಿದೆ. ಅವರು ನಿದ್ದೆಗೆ ಮಾತ್ರೆ ಬರೆದುಕೊಟ್ಟು, "ಉಳಿದಿದ್ದಕ್ಕೆ ಮಾತ್ರೆ ಇಲ್ಲಮ್ಮ, ತಿಳಿದವರ ಹತ್ರ ಕೂತು ಮಾತಾಡ್ಬೇಕು ನೀವು" ಎಂದರು. ಸಹಾಯವಾಣಿಗೆ ಫೋನ್ ಮಾಡಿದೆ.

"ಈಗ ಹೊಡೀತಾ ಇದಾರಾ ಮೇಡಂ?"

"ಇಲ್ಲ. ನಾನು ಬೇರೆ ಇದೀನಿ."

"ಹಾಗಾದ್ರೆ ತುರ್ತು ಅಲ್ಲ. ಹೊಡೆದಾಗ ಮಾಡಿ."

ಎಷ್ಟು ಕರಾರುವಾಕ್ಕಾದ ವ್ಯವಸ್ಥೆ! ಸಹಾಯವಾಣಿಯ ಅರ್ಹತೆಗಾಗಿಯಾದರೂ ಒಮ್ಮೆ ಹೋಗಿ ನಾಲ್ಕು ಏಟು ತಿಂದು ಬರೋಣವೇ ಎನಿಸಿತು. ಫೋನ್ ಇಡುವ ಮುನ್ನ ಸಹಾಯವಾಣಿಯವರು ಮಾಡಿದ ಶಿಫಾರಸಿನಂತೆಯೇ ತಮ್ಮ ಕೇಂದ್ರಕ್ಕೆ ಬಂದೆ. ಖಾಸಗಿಯಾಗಿ ಕೂರಿಸಿ ಮಾತಾಡಿಸುವವರ ಗಂಟೆಯ ದರ ಕರಡು ತಿದ್ದುವವಳಿಗೆ ಎಟುಕುವಂಥದ್ದಲ್ಲ.

ಮೇಜಿನ ಹಿಂದೆ ಗುಮಾಸ್ತೆ ಕೂತಿದ್ದರು. ತಲೆ ಎತ್ತದೆಯೇ ಕೇಳಿದರು.

"ಯಜಮಾನ್ರು ಬಂದಿದಾರಾ?"

"ಇಲ್ಲ, ಬಿಟ್ಟು ಬಂದಿದೀನಿ."

"ಎಲ್ಲಿ, ಗೇಟ್ ಹತ್ರಾನಾ? ಒಳಗೆ ಕರೀರಿ. ಜೋಡಿ ಬಂದ್ರೇನೇ ನಂಬರ್ ಕೊಡೋದು."

ಬಿಟ್ಟು ಬಂದಿದ್ದು ಗೇಟಿನಲ್ಲಲ್ಲ, ಬದುಕಿನಲ್ಲಿ ಎಂದು ವಿವರಿಸುವಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ದಂಪತಿಗೆ ನಂಬರ್ ಸಿಕ್ಕಿತು. ಅವರು ಜೋಡಿಯಾಗಿದ್ದರು. ಅವನು ಅವಳ ತೋಳನ್ನು ಹಿಡಿದಿದ್ದ ರೀತಿ ನೋಡಿ ಗುಮಾಸ್ತೆಗೆ ಸಂತೋಷವಾಯಿತು. ನನಗೆ ಆ ಹಿಡಿತದ ಪರಿಚಯವಿತ್ತು.

ಅಷ್ಟರಲ್ಲಿ ಸಮಾಲೋಚಕಿ ಮೇಡಂ ಹೊರಗೆ ಬಂದರು. ಬಹಳ ವರ್ಷಗಳ ಹಿಂದೆ ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು ಮಾತಾಡಿದ್ದವರು ಇವರೇ. ನನ್ನ ಮುಖ ನೋಡಿದರು, ಗುರುತು ಹತ್ತಲಿಲ್ಲ. ಹೆಸರು ಹೇಳಿದೆ. ಕಣ್ಣು ಅರಳಿತು.

"ಅರೇ, ನೀವಾ! ನಿಮ್ದು ಚೆನ್ನಾಗಿ ಸೆಟ್ಲಾಯ್ತಲ್ವಾ? ಗೋಡೇಲಿದೀರಾ ನೀವು!"

ಮಾನ್ಯರೇ, ತಮ್ಮ ಗೋಡೆಯನ್ನು ತಾವು ಯಾವತ್ತಾದರೂ ನಿಂತು ನೋಡಿದ್ದೀರಾ? ಒಂದುಗೂಡಿಸಿದ ಜೋಡಿಗಳ ಫೋಟೋಗಳು, ಸಾಲು ಸಾಲಾಗಿ, ಚೌಕಟ್ಟು ಹಾಕಿಸಿ. ಕಿಟಕಿಯ ಪಕ್ಕದಲ್ಲಿ ನಾನಿದ್ದೆ. ನಗುತ್ತಿದ್ದೆ. ಹೆಗಲಿನಿಂದ ಬೆರಳ ತುದಿಯವರೆಗೆ ಹೂಬಳ್ಳಿಯ ಅಂಚಿನ ನೇರಳೆ ಶಾಲು ಹೊದ್ದಿದ್ದೆ. ಆ ಶಾಲು ನನ್ನದಲ್ಲ.

ಅಂದು ನಡೆದದ್ದನ್ನು ಹೇಳಲೇಬೇಕು. ನನ್ನ ಮುಂಗೈ ಮುರಿದಿತ್ತು, ಪಟ್ಟಿ ಹಾಕಿತ್ತು. ತಮ್ಮಲ್ಲಿ ಕೈಯಾಸರೆ ಇಲ್ಲದ ಒಂದು ಬೆಂಚಿದೆ. ಅದರ ಮೇಲೆ ಇಬ್ಬರನ್ನೂ ಒತ್ತಾಗಿ ಕೂರಿಸುವುದೇ ತಮ್ಮ ಚಿಕಿತ್ಸೆಯ ಮೊದಲ ಹೆಜ್ಜೆ. "ಅವ್ರು ಮನೆಗೆ ಬಂದಾಗ ನೀವೇನು ಮಾಡ್ತಿದ್ರಿ?" ಎಂದು ಮೇಡಂ ಕೇಳಿದರು. ಓದುತ್ತಿದ್ದೆ ಎಂದೆ. "ಹ್ಞೂಂ" ಎಂದರು, ರೋಗದ ಮೂಲ ಸಿಕ್ಕವರ ಹಾಗೆ. ನನ್ನ ಗಂಡ ಸೊಗಸಾಗಿ ಮಾತಾಡಿದ. ಯಾವತ್ತೂ ಸೊಗಸಾಗಿಯೇ ಮಾತಾಡುತ್ತಿದ್ದ, ಸಾಕ್ಷಿಗಳಿದ್ದಾಗ. ಕೊನೆಗೆ ಫೋಟೋ. "ಮೇಡಂ, ಹತ್ರ ಬನ್ನಿ, ಇನ್ನೂ ಹತ್ರ," ಎಂದ ಫೋಟೋದವನು ತಟಕ್ಕನೆ ಕ್ಯಾಮೆರಾ ಇಳಿಸಿ, "ಆ ಕೈ ಫೋಟೋದಲ್ಲಿ ಬೀಳ್ತಾ ಇದೆಯಲ್ಲಾ" ಎಂದ. ಮೇಡಂ ಒಳಗೆ ಹೋಗಿ ಬೀರುವಿನಿಂದ ಶಾಲು ತಂದು ನನಗೆ ಹೊದಿಸಿದರು. ನೇರ ಮಾಡಿದರು. "ಈಗ ನಗಿ" ಎಂದರು. ಕ್ಲಿಕ್ಕಾದ ಮೇಲೆ ಮಡಿಸಿ ವಾಪಸು ಒಯ್ದರು. ಆ ಶಾಲನ್ನು ಯಾರೋ ಕರುಣೆಯಿಂದ ಕೊಟ್ಟದ್ದೆಂದು ನಾನು ನಂಬಿದ್ದೆ. ಅದರ ಕೆಳಗೆ ಬೆಚ್ಚಗಿತ್ತು ಎಂಬುದೂ ಸುಳ್ಳಲ್ಲ.

ಈ ಸಲ ಗೋಡೆಯ ಮುಂದೆ ನಿಂತು ಉಳಿದ ಫೋಟೋಗಳನ್ನೂ ನೋಡಿದೆ. ಕರಡು ತಿದ್ದುವವಳ ಕಣ್ಣು, ಪುನರಾವರ್ತನೆ ತಪ್ಪಿಸಿಕೊಳ್ಳುವುದಿಲ್ಲ. ನನ್ನ ಮೇಲಿನ ಸಾಲಿನಲ್ಲಿ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು, ಅದೇ ನೇರಳೆ ಶಾಲು, ಕುತ್ತಿಗೆಗೆ ಸುತ್ತಿದೆ. ಆಚೆ ಕನ್ನಡಕದ ಹೆಂಗಸು, ಅದೇ ಹೂಬಳ್ಳಿ, ಬಲತೋಳಿನ ಮೇಲೆ. ಬಾಗಿಲ ಹತ್ತಿರ ಬಸುರಿ ಹೆಂಗಸೊಬ್ಬಳು, ಅದೇ ಶಾಲು, ತಲೆಯ ಮೇಲಿಂದ ಹಣೆಯವರೆಗೆ ಎಳೆದಿದೆ. ಬೇಸಗೆಯ ಫೋಟೋಗಳಲ್ಲೂ ಶಾಲು. ಗಂಡಸರು ಅರ್ಧ ತೋಳಿನ ಅಂಗಿಯಲ್ಲಿ ಬೆವರುತ್ತಿದ್ದಾರೆ, ಪಕ್ಕದಲ್ಲಿ ಹೆಂಗಸರಿಗೆ ಮಾತ್ರ ಚಳಿ! ಇಂಥ ವಿಚಿತ್ರ ಹವಾಮಾನ ಇರುವುದು ತಮ್ಮ ಕೇಂದ್ರದೊಳಗೆ ಮಾತ್ರ.

"ಇವ್ರೆಲ್ಲ ಈಗ ಹೇಗಿದಾರೆ ಮೇಡಂ?" ಎಂದು ಕೇಳಿದೆ.

"ಚೆನ್ನಾಗೇ ಇರ್ತಾರೆ. ವಾಪಸ್ ಬಂದಿಲ್ವಲ್ಲ," ಎಂದರು.

"ನಾನು ಬಂದಿದೀನಲ್ಲ."

"ನೀವು ಒಬ್ರೇ ಬಂದಿದೀರಿ. ಅದು ಲೆಕ್ಕಕ್ಕೆ ಬರಲ್ಲ."

ಮಾನ್ಯರೇ, ನನ್ನ ಮುಂಗೈ ಕೂಡಿಕೊಂಡ ಮೇಲೆ ಆಸ್ಪತ್ರೆಯವರು ಕೈಗೊಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಲು ಹೇಳಿದರು. ಮೂಳೆ ಕೂಡಿದರೆ ಸಾಲದು, ಬೆರಳಿಗೆ ಬಲ ಮರಳಬೇಕು ಎಂದರು. ಅಲ್ಲಿ ಯಾರೂ 'ಮುರಿದವರನ್ನು ಜೊತೆಗೆ ಕರೆತನ್ನಿ, ಆಮೇಲೆ ಚೆಂಡು' ಎನ್ನಲಿಲ್ಲ. ಮೂಳೆಗಿರುವ ಈ ಭಾಗ್ಯ ಮನಸ್ಸಿಗೇಕಿಲ್ಲ? ಹೊಡೆತ ನಿಂತ ದಿನವೇ ಹೆಂಗಸು ಗುಣವಾದಳು ಎಂಬ ವೈದ್ಯಶಾಸ್ತ್ರವನ್ನು ತಾವು ಯಾವ ಕಾಲೇಜಿನಲ್ಲಿ ಕಲಿತಿರಿ? ಅಥವಾ ಹೊಡೆದವನ ಎದುರಿನಲ್ಲೇ, ಅವನ ತೊಡೆಗೆ ತೊಡೆ ತಾಗಿಸಿ ಕೂತು, ಅವನ ಬಗ್ಗೆ ಮನಬಿಚ್ಚಿ ಮಾತಾಡುವ ಧೈರ್ಯವಿದ್ದಿದ್ದರೆ ನಾವು ತಮ್ಮ ಬಾಗಿಲಿಗೇಕೆ ಬರುತ್ತಿದ್ದೆವು? ಕುಟುಂಬ ಒಡೆಯಬಾರದು ಎಂಬ ತಮ್ಮ ಕಾಳಜಿ ದೊಡ್ಡದು, ಒಪ್ಪುತ್ತೇನೆ. ಅದರೊಳಗಿನ ಹೆಂಗಸು ಒಡೆದರೆ ಮಾತ್ರ ಶಾಲು ಇದ್ದೇ ಇದೆ.

ಹಾಗಾಗಿ ಕೇಳುತ್ತಿದ್ದೇನೆ. ಬೇಡುತ್ತಿಲ್ಲ, ಬೇಡುವುದನ್ನು ಆ ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ನನ್ನ ಫೋಟೋವನ್ನು ಗೋಡೆಯಿಂದ ಇಳಿಸಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನು ಒಬ್ಬೊಬ್ಬರೇ ಬರುವವರಿಗಾಗಿ ಬಿಡಿ. ಅಲ್ಲಿ ಕೈಯಾಸರೆ ಇರುವ ಕುರ್ಚಿ ಹಾಕಿಸಿ. ಎದುರಿಗೆ, 'ನೀವೇನು ಮಾಡ್ತಿದ್ರಿ' ಎಂದು ಕೇಳದಿರಲು ತರಬೇತಿ ಪಡೆದ ಒಬ್ಬರನ್ನು ಕೂರಿಸಿ. ಒಂದು ಸಲಕ್ಕಲ್ಲ, ಅವಳು ತಾನಾಗಿಯೇ ಇನ್ನು ಸಾಕು ಎನ್ನುವವರೆಗೆ. ಗೋಡೆಯ ಮೇಲಿರುವ ಉಳಿದವರನ್ನು ಹುಡುಕಿ, ಗಂಡನಿಲ್ಲದ ಹೊತ್ತು ನೋಡಿ, ಹೇಗಿದ್ದೀರಿ ಎಂದು ಕೇಳಿ. ಮತ್ತೆ ಆ ಶಾಲು. ದಯವಿಟ್ಟು ಅದನ್ನು ಇನ್ನು ಬೀರುವಿನಿಂದ ತೆಗೆಯಬೇಡಿ. ಕೈ ಕಂಡರೆ ಕಾಣಲಿ.

ಈ ಪತ್ರದ ಪ್ರತಿಯನ್ನು ಖುದ್ದಾಗಿ ತಂದುಕೊಟ್ಟು, ನಂಬರ್ ಕೊಡುವವರೆಗೂ ಗುಮಾಸ್ತೆಯವರ ಮೇಜಿನೆದುರು ಕೂರುವವಳಿದ್ದೇನೆ. ಓದಲು ಪುಸ್ತಕ ತರುತ್ತೇನೆ. ರೋಗದ ಮೂಲ ತಮಗೆ ಗೊತ್ತೇ ಇದೆಯಲ್ಲ.

ಇಂತಿ,
ತಮ್ಮ ಯಶಸ್ಸುಗಳಲ್ಲಿ ಒಬ್ಬಳು

ವಿ.ಸೂ.: ಇಷ್ಟು ಬರೆದು ಮುಗಿಸಿದಾಗ ನೆರೆಮನೆಯಾಕೆ ಇಸ್ತ್ರಿಪೆಟ್ಟಿಗೆ ವಾಪಸು ಕೊಡಲು ಬಂದರು. ಯಾವ ಮನೆ, ಯಾವತ್ತು ಎಂದು ಹೇಳಲಾರೆ. ನಮ್ಮ ಮೊಗಸಾಲೆಯಲ್ಲಿ ಬಾಗಿಲುಗಳು ಬಹಳ, ಗುರುತು ಸಿಗದಿರಲೆಂದು ಆಕೆ ಹೇಳಿದ ನೆಪವನ್ನೂ ಇಲ್ಲಿ ಬದಲಿಸಿದ್ದೇನೆ. ಸದಾ ನಗುತ್ತಲೇ ಇರುವವರು, ಅವರ ಸಂಸಾರ ನೋಡಿ ನಾನೇ ಎಷ್ಟೋ ಸಲ ಹೊಟ್ಟೆಕಿಚ್ಚುಪಟ್ಟಿದ್ದೇನೆ. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರು, ಹೇಳಿದೆ. ಬಾಗಿಲಲ್ಲೇ ನಿಂತು, ಒಮ್ಮೆ ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿ ಅಂದರು: "ನಾನೂ ಬರ್ತೀನಿ ಕಣ್ರೀ. ಬೆಲ್ ಮಾಡ್ಬೇಡಿ, ಕೆಳಗೆ ಮೆಟ್ಟಿಲ ಹತ್ರ ನಿಂತಿರಿ. ಮನೇಲಿ ತರಕಾರಿಗೆ ಅಂತ ಹೇಳಿರ್ತೀನಿ."